ಮಲಿಕ್-ಎ-ಮೈದಾನದ ತವರಿನಲ್ಲಿ

ವಿಜಯಪುರದಲ್ಲಿ ಬೆಳೆದ ಹುಡುಗರಿಗೆಲ್ಲ ಮಲಿಕ್-ಎ-ಮೈದಾನ ತೋಪಿನ ಬೆನ್ನೇರಿದ ನೆನಪು ಇದ್ದೇ ಇರುತ್ತದೆ. ಎಂಥ ಬಿಸಿಲಿನಲ್ಲೂ ಅದು ತಣ್ಣಗಿರುತ್ತದೆ ಎನ್ನುತ್ತಾರೆ. ನನಗೆ ಮಾತ್ರ ತೊಡೆ ಚುರುಗುಟ್ಟಿದ್ದೇ ನೆನಪು. ಆ 55 ಟನ್ ತೂಕದ ತೋಪು ಹುಟ್ಟಿದ್ದು ನಮ್ಮೂರಲ್ಲಲ್ಲ, 1549ರಲ್ಲಿ ಅಹಮದ್‌ನಗರದಲ್ಲಿ, ನಿಜಾಮಶಾಹಿಗಾಗಿ. ಸುಮಾರು ಎಂಬತ್ತು ವರ್ಷಗಳ ಮೇಲೆ ಅದು ವಿಜಯಪುರಕ್ಕೆ ಬಂತು. ಎಳೆದು ತರಲು ನಾನೂರು ಎತ್ತು, ಹತ್ತು ಆನೆ ಹೂಡಿದ್ದರಂತೆ. ಆ ತವರೂರಿನಲ್ಲಿ ಈಗ ಸೇನೆಯ ಟ್ಯಾಂಕ್ ಮ್ಯೂಸಿಯಂ ಇದೆ ಎಂದು ತಿಳಿದಾಗಿನಿಂದ ಹೋಗಬೇಕೆಂಬ ಆಸೆಯಿತ್ತು. ಜೊತೆಗೆ ಹೊರಟವರು ನನ್ನ ಸೋದರಮಾವ, ಸೇನೆಗೆ ದಾರಿ, ಸೇತುವೆ ಮಾಡಿಕೊಡುವ ಮದ್ರಾಸ್ ಸ್ಯಾಪರ್ಸ್‌ನಿಂದ ನಿವೃತ್ತರಾದ ಹವಾಲ್ದಾರ್.

ಸೊಲ್ಲಾಪುರದಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ಮುಂದೆ ರಸ್ತೆಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದನ್ನು ದಾಟಿದರೆ ಇನ್ನೊಂದು. ಕಾಗದದ ಮೇಲೆ ಅಹಮದ್‌ನಗರದ ಹೆಸರು ಈಗ ಅಹಿಲ್ಯಾನಗರ. ಕಂಡಕ್ಟರನ ಬಾಯಲ್ಲಿ ಇನ್ನೂ ಬರೀ ‘ನಗರ’. ರಾತ್ರಿ ಒಂದು ಲಾಡ್ಜಿನಲ್ಲಿ ಸೊಳ್ಳೆಗಳೊಡನೆ ಕಳೆಯಿತು. ನಮ್ಮ ಅಲಿ ಆದಿಲ್‌ಶಾಹನ ಪತ್ನಿ ಚಾಂದಬೀಬಿ ಮೊಗಲರನ್ನು ತಡೆದು ನಿಲ್ಲಿಸಿದ ಕೋಟೆಯೂ ಇಲ್ಲೇ ಇದೆ. ಆದರೆ ಮಾವನಿಗೆ ಬೆಳಗಾಗುವುದರೊಳಗೆ ಟ್ಯಾಂಕ್ ನೋಡುವ ಆತುರ.

ಆರ್ಮರ್ಡ್ ಕೋರ್ ಕೇಂದ್ರ ಮತ್ತು ಶಾಲೆ 1994ರಲ್ಲಿ ತೆರೆದ ಮ್ಯೂಸಿಯಂ ಇದು. ಗಿಡಮರಗಳ ನಡುವೆ, ಬಯಲಿನಲ್ಲೇ, ಟ್ಯಾಂಕುಗಳು ಸಾಲಾಗಿ ನಿಂತಿವೆ. ಮಹಾರಾಜರ ಸವಾರಿಗೆ ಹೆಸರಾದ ರೋಲ್ಸ್ ರಾಯ್ಸ್ ಕಾರು ಇಲ್ಲಿ ಉಕ್ಕಿನ ಕವಚ ತೊಟ್ಟು, ನೆತ್ತಿಯ ಮೇಲೆ ಬಂದೂಕಿನ ಗೂಡು ಹೊತ್ತಿದೆ. ಬ್ರಿಟಿಷರ ಚರ್ಚಿಲ್, ಜಪಾನಿನ ಪುಟ್ಟ ಹಾ-ಗೋ, ಆವಡಿಯಲ್ಲಿ ತಯಾರಾದ ನಮ್ಮ ವಿಜಯಂತ. ಸುಮಾರು 50 ಟನ್ನಿನ ಸೆಂಚುರಿಯನ್ ಎದುರು ನಿಂತಾಗ ಮನಸ್ಸಿಗೆ ಬಂದದ್ದು ಒಂದೇ ಲೆಕ್ಕ: ನಮ್ಮ ತೋಪು ಇದಕ್ಕಿಂತ ಭಾರ!

ಪ್ಯಾಟನ್ ಟ್ಯಾಂಕಿನ ಬಳಿ ಹುಡುಗರ ಗುಂಪು ನೆರೆದಿತ್ತು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣದತ್ತ ನುಗ್ಗಿ ಬಂದ ಪಾಕಿಸ್ತಾನದ ಪ್ಯಾಟನ್‌ಗಳನ್ನು ನಮ್ಮವರು ಅಸಲ್ ಉತ್ತರದಲ್ಲಿ ಎದುರಿಸಿದರು. ಗದ್ದೆಗಳಿಗೆ ನೀರು ಬಿಟ್ಟರು. ಆಳೆತ್ತರದ ಕಬ್ಬಿನಲ್ಲಿ ಟ್ಯಾಂಕುಗಳನ್ನು ಅಡಗಿಸಿ ಕಾದರು. ಕೆಸರಿನಲ್ಲಿ ಹೂತ ಪ್ಯಾಟನ್‌ಗಳಿಗೆ ಹಿಂದೆ ಸರಿಯಲೂ ಆಗಲಿಲ್ಲ. ಜೀಪಿನ ಮೇಲೆ ಕೂರಿಸಿದ ತೋಪಿನಿಂದಲೇ ಹಲವು ಟ್ಯಾಂಕುಗಳನ್ನು ಹೊಡೆದುರುಳಿಸಿದ ಅಬ್ದುಲ್ ಹಮೀದ್‌ಗೆ ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. ಹಿಂದಿನ ದಿನ ದಾರಿಯಲ್ಲಿ ನೋಡಿ ನೋಡಿ ಬೇಸರವಾಗಿದ್ದ ಕಬ್ಬು ಈಗ ಬೇರೆಯದೇ ಬೆಳೆಯಂತೆ ಕಂಡಿತು.

ಮಾವನಿಗೆ ಪ್ಯಾಟನ್ ಬೇಕಿರಲಿಲ್ಲ. ಅವರು ನಿಂತದ್ದು ಯಾರೂ ಫೋಟೋ ತೆಗೆಸಿಕೊಳ್ಳದ ವ್ಯಾಲೆಂಟೈನ್ ಮುಂದೆ. ಅದರ ಮೇಲೆ ತೋಪಿಲ್ಲ. ಮಡಚಿಟ್ಟ ಸೇತುವೆ ಇದೆ. 30 ಅಡಿ ಅಗಲದ ಹಳ್ಳ ಅಡ್ಡ ಬಂದರೆ ಕತ್ತರಿಯಂತೆ ಬಿಚ್ಚಿಕೊಂಡು ಆಚೆ ದಡ ಮುಟ್ಟುತ್ತದೆ.

“ಅಳಿಯಾ, ಬರೇ ಬಾಯಿ ನೋಡಬ್ಯಾಡ, ಕಾಲು ನೋಡು,” ಎಂದರು.

ಸ್ಟುವರ್ಟ್ ಎಂಬ ಹಗುರ ಟ್ಯಾಂಕಿನ ಹತ್ತಿರ ಅವರ ಮಾತಿನ ಕಟ್ಟೆ ಒಡೆಯಿತು. 1948ರ ಕಾಶ್ಮೀರ ಯುದ್ಧದಲ್ಲಿ ಲೇಹ್‌ಗೆ ಹೋಗುವ ದಾರಿಯ ಜೋಜಿಲಾ ಕಣಿವೆ ಶತ್ರುವಿನ ಕೈಯಲ್ಲಿತ್ತು. 11,500 ಅಡಿಗೂ ಎತ್ತರದ ಆ ಜಾಗಕ್ಕೆ ಟ್ಯಾಂಕ್ ಹತ್ತಿಸುವ ಪಣ ತೊಟ್ಟವರು ಮಡಿಕೇರಿಯ ಮೇಜರ್ ಜನರಲ್ ತಿಮ್ಮಯ್ಯ. ಜಮ್ಮುವಿನಿಂದ ಬರುವ ಹಾದಿಯ ಸೇತುವೆಗಳಿಗೆ ಅಷ್ಟು ಭಾರ ತಾಳುವ ಶಕ್ತಿಯಿಲ್ಲ. ಹಾಗಾಗಿ ಟ್ಯಾಂಕಿನ ಗೋಪುರ ಬಿಚ್ಚಿ, ಗುಟ್ಟಾಗಿ ಸಾಗಿಸಿದರು. ಬಾಲ್ಟಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ಕಾಲುದಾರಿ. ಅದನ್ನು ಕಡಿದು ಅಗಲಿಸಿ ಟ್ಯಾಂಕಿಗೆ ದಾರಿ ಮಾಡಿದವರು ಬೆಂಗಳೂರಿನ ಹಲಸೂರನ್ನು ನೆಲೆ ಮಾಡಿಕೊಂಡ ಮದ್ರಾಸ್ ಸ್ಯಾಪರ್ಸ್, ಸೇನೆಯೊಳಗಿನ ಮಾತಿನಲ್ಲಿ ‘ತಂಬಿ’ಗಳು. ನವೆಂಬರ್ 1ರಂದು, ಹಿಮದ ನಡುವೆ, 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳು ಕಣಿವೆಗೆ ನುಗ್ಗಿದವು. ತಿಮ್ಮಯ್ಯ ಮುಂಚೂಣಿಯ ಟ್ಯಾಂಕಿನಲ್ಲೇ ಇದ್ದರು. ಆ ಎತ್ತರಕ್ಕೆ ಟ್ಯಾಂಕ್ ಬಂದೀತೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ.

ಇದೆಲ್ಲ ಮಾವ ಸೇನೆ ಸೇರುವುದಕ್ಕೂ ಎಷ್ಟೋ ವರ್ಷ ಹಿಂದಿನ ಸಂಗತಿ. ಆದರೂ ಹೇಳುವಾಗ ನಡುನಡುವೆ ‘ನಾವು’ ಅನ್ನುತ್ತಿದ್ದರು. ನಾನು ತಿದ್ದಲಿಲ್ಲ.

ಅಷ್ಟರಲ್ಲಿ ಸೆಂಟ್ರಿಯ ಸೀಟಿ ಕೇಳಿಸಿತು, ಬಾಗಿಲು ಹಾಕುವ ಹೊತ್ತು. ತಿರುಗಿ ನೋಡಿದರೆ ಮಾವ ಸ್ಟುವರ್ಟ್‌ನ ಮುಂದೆ ಬಗ್ಗಿ, ಒಂದು ಚೈನಿನಿಂದ ಇನ್ನೊಂದು ಚೈನಿನವರೆಗೆ ಗೇಣು ಹಾಕಿ ಅಳೆಯುತ್ತಿದ್ದರು. ನಡುವೆ ಎಣಿಕೆ ತಪ್ಪಿತು. ಮತ್ತೆ ಈ ತುದಿಗೆ ಬಂದು ಮೊದಲಿನಿಂದ ಶುರು ಮಾಡಿದರು.