ಪುಕ್ಕಟೆಯ ನಲ್ಲಿ

ನಮ್ಮ ಸೀಮೆಯವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಯಾದಗಿರಿಯ ಮಗ್ಗುಲಲ್ಲಿ ಭೀಮೆಯು ಹರಿಯುತ್ತಿದ್ದರೂ, ನಾರಾಯಣಪುರದ ಕಾಲುವೆಯು ಸುರಪುರ ಶಹಾಪುರಗಳ ಹೊಲಗಳಿಗೆ ಬಂದಿದ್ದರೂ, ಬೇಸಗೆಯಲ್ಲಿ ನಲ್ಲಿಯ ಮುಂದೆ ಕೊಡಗಳ ಸಾಲನ್ನು ಕಾಣದವರು ನಮ್ಮಲ್ಲಿ ವಿರಳ. ಇಂತಹ ಊರಿನಲ್ಲಿ ಹಣವನ್ನೇ ತೊಟ್ಟಿಕ್ಕುವ ನಲ್ಲಿಯೊಂದಿದೆಯೆಂದು ಕೇಳಿದರೆ ಮೊದಲು ನಗೆ ಬರುವುದು. ಆಮೇಲೆ ಕೊಡ ಹಿಡಿಯಲು ಕೈ ತಾನಾಗಿ ಮುಂದಾಗುವುದು.

ಕಳೆದ ದೀಪಾವಳಿಗೆ ನಾವು ಶಹಾಪುರದ ತಂಗಿಯ ಮನೆಗೆ ಹೋಗಿದ್ದೆವು. ಕಾಲೇಜಿನಲ್ಲಿ ಓದುವ ಅವಳ ಮಗನು ತನ್ನ ಮೊಬೈಲನ್ನು ನಮ್ಮೆದುರು ಹಿಡಿದು, "ಮಾಮಾ, ಇದಕ್ಕ ಫಾಸೆಟ್ ಅಂತಾರ, ನಲ್ಲಿ ಇದ್ದಂಗ. ತಾಸಿಗೊಮ್ಮೆ ಗುಂಡಿ ಒತ್ತಿದ್ರ ಬಿಟ್‌ಕಾಯಿನ್ ಹನಿ ಬೀಳ್ತದ. ನಾವು ಒಂದು ಪೈಸಾನೂ ಹಾಕೂದಿಲ್ಲ" ಎಂದನು. ನಾವು ನಕ್ಕು, "ಪುಕ್ಕಟೆ ಬಂದ್ರ ಹೋಗೂದೇನದ?" ಎಂದೆವು. ಈ ಲೇಖನವನ್ನು ಬರೆಯುವುದಕ್ಕೆ ನಮ್ಮ ಆ ಮಾತೇ ಕಾರಣವಾಗಿದೆ.

ಈ ನಲ್ಲಿಯ ಹುಟ್ಟಿನಲ್ಲಿ ಕಪಟವಿರಲಿಲ್ಲ. 2010ರಲ್ಲಿ ಗ್ಯಾವಿನ್ ಆಂಡ್ರೆಸನ್ ಎಂಬ ತಂತ್ರಜ್ಞನು ಹೊಸ ನಾಣ್ಯವನ್ನು ಜನರಿಗೆ ಪರಿಚಯ ಮಾಡಿಕೊಡುವುದಕ್ಕಾಗಿ, ಕೇಳಿದವರಿಗೆ ತಲೆಗೆ 5 ಬಿಟ್‌ಕಾಯಿನ್‌ಗಳಂತೆ ಹಂಚಿದನು. ಆಗ ಅವುಗಳ ಬೆಲೆ ಕಾಸಿನಷ್ಟು. ಇಂದಿನ ನಲ್ಲಿಗಳು ಕೊಡುವುದು ಸಾತೋಶಿಗಳನ್ನು. 10 ಕೋಟಿ ಸಾತೋಶಿ ಕೂಡಿದರೆ ಒಂದು ಬಿಟ್‌ಕಾಯಿನ್. ಇದರ ಬೆಲೆಯು ದಿನದಿನವೂ ಏರಿಳಿಯುವುದಾದರೂ, ಲೆಕ್ಕಕ್ಕಾಗಿ ಒಂದಕ್ಕೆ 50 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಒಂದು ರೂಪಾಯಿಗೆ 20 ಸಾತೋಶಿಯಾಗುವುದು. ಹುಡುಗನು ನಲವತ್ತು ದಿನ ಗುಂಡಿಯೊತ್ತಿ ಕೂಡಿಸಿದುದು 800 ಸಾತೋಶಿ, ಎಂದರೆ 40 ರೂಪಾಯಿ. ಹತ್ತಿ ಬಿಡಿಸಲು ಹೋದ ಹೆಣ್ಣುಮಗಳು ಅರ್ಧ ದಿನದಲ್ಲಿ ಅದಕ್ಕಿಂತ ಹೆಚ್ಚನ್ನು ಮನೆಗೆ ತರುವಳು.

ಹಾಗಾದರೆ ಕೊಡುವವನಿಗೆ ಲಾಭವೇನು? ಗುಂಡಿಯೊತ್ತಿದಾಗಲೆಲ್ಲ ಜಾಹೀರಾತು ಕಾಣಿಸುವುದು. ಅದರಿಂದ ಬಂದ ಹಣದಲ್ಲಿ ಒಂದು ಹನಿಯನ್ನು ನಮಗೆ ಕೊಡುವನು. ಇಷ್ಟಕ್ಕೇ ನಿಂತರೆ ಅದು ನ್ಯಾಯವಾದ ವ್ಯಾಪಾರವೇ ಸರಿ. ಆದರೆ ಅದೇ ವೇಷದಲ್ಲಿ ಕಳ್ಳರೂ ನಲ್ಲಿಯಿಟ್ಟುಕೊಂಡು ಕುಳಿತಿರುವರು. ಹೊಸಬನಿಗೆ ಇಬ್ಬರ ಭೇದವು ತಿಳಿಯದು.

ಹನಿಗಳನ್ನು ಕಂಡು ಹುಡುಗನಿಗೆ ಧೈರ್ಯ ಬಂದಿತು. ತಾಯಿಯು ಕಾಲೇಜಿನ ಫೀಗೆಂದು ಕೊಟ್ಟಿದ್ದ 6,000 ರೂಪಾಯಿಗೆ ನಾಣ್ಯ ಕೊಂಡು ತನ್ನ ವಾಲೆಟ್ಟಿನಲ್ಲಿಟ್ಟನು. ಆ ವಾಲೆಟ್ಟಿನ ವಿಳಾಸವನ್ನೇ ನಲ್ಲಿಗೂ ಕೊಟ್ಟಿದ್ದನು. ಮರುದಿನವೇ ಸಂದೇಶ ಬಂದಿತು: ಕೂಡಿದ ಹನಿಗಳನ್ನು ಬಿಡಿಸಿಕೊಳ್ಳಬೇಕಾದರೆ ವಾಲೆಟ್ಟಿನ ಹನ್ನೆರಡು ಪದಗಳನ್ನು ಬರೆದು ದೃಢಪಡಿಸತಕ್ಕದ್ದು. ಬರೆದನು. ಕೆಲವು ನಿಮಿಷಗಳಲ್ಲಿ ವಾಲೆಟ್ಟು ಬರಿದಾಯಿತು.

ಆ ಪದಗಳು ಪೆಟ್ಟಿಗೆಯ ಬೀಗದ ಕೈಯಿದ್ದಂತೆ. ಅವು ಯಾರ ಕೈಯಲ್ಲಿರುವುವೋ ನಾಣ್ಯವು ಅವರದು. ಪ್ರಾಮಾಣಿಕರಾದವರು ಅವುಗಳನ್ನು ಎಂದಿಗೂ ಕೇಳರು. ಬ್ಯಾಂಕಿನಲ್ಲಾದರೆ ಮ್ಯಾನೇಜರರ ಮುಂದೆ ನಿಂತು ಮೊರೆಯಿಡಬಹುದು. ಇಲ್ಲಿ ಒಮ್ಮೆ ಕೈಬಿಟ್ಟು ಹೋದುದನ್ನು ಮರಳಿಸುವ ಅಧಿಕಾರಿಯೇ ಇಲ್ಲ. ಮರುದಿನವೇ ಸಂದೇಶ ಬಂದುದು ಕಾಕತಾಳೀಯವೆಂದು ನಾವು ನಂಬಲಾರೆವು. ಬಿಟ್‌ಕಾಯಿನ್ನಿನ ಖಾತೆಪುಸ್ತಕವು ಲೋಕಕ್ಕೆಲ್ಲ ತೆರೆದಿರುವುದು. ಅದರಲ್ಲಿ ಹೆಸರು ಇರದು, ನಿಜ. ಆದರೆ ವಿಳಾಸವನ್ನು ತಿಳಿದವನು ಅದರಲ್ಲಿ ಎಷ್ಟು ಗಂಟಿದೆಯೆಂಬುದನ್ನು ಕುಳಿತಲ್ಲಿಂದಲೇ ಕಾಣಬಲ್ಲನು. ಅದರೊಂದಿಗೆ ನಮ್ಮ ಮೊಬೈಲ್ ಸಂಖ್ಯೆಯನ್ನೂ ಕೊಟ್ಟೆವೆಂದರೆ ಗಂಟಿನ ಒಡೆಯನು ಯಾರೆಂಬುದನ್ನೂ ನಾವೇ ಹೇಳಿಕೊಟ್ಟಂತಾಯಿತು.

ಸುರಪುರದಲ್ಲಿ ಟೇಲರ್ ಮಂಜಿಲ್ ಎಂಬ ಬಂಗಲೆಯಿದೆ. ರಾಜಾ ವೆಂಕಟಪ್ಪ ನಾಯಕರು ಇನ್ನೂ ಬಾಲಕರಾಗಿದ್ದಾಗ, 1841ರಲ್ಲಿ ಸಂಸ್ಥಾನಕ್ಕೆ ಬಂದ ಮೆಡೋಸ್ ಟೇಲರ್ ಸಾಹೇಬರು ಅದಕ್ಕೆ ಎರಡು ವರ್ಷ ಮೊದಲೇ ಥಗ್ಗರೆಂಬ ದಾರಿಗಳ್ಳರನ್ನು ಕುರಿತು ಇಂಗ್ಲಿಷಿನಲ್ಲಿ ಕಾದಂಬರಿಯೊಂದನ್ನು ಪ್ರಕಟಿಸಿದ್ದರು. ಥಗ್ಗರು ದಾರಿಹೋಕರ ಮೇಲೆ ಕಂಡೊಡನೆ ಬೀಳುತ್ತಿರಲಿಲ್ಲ. ಜೊತೆಗೂಡಿ ನಡೆದು, ಹರಟೆ ಹೊಡೆದು, ವಿಶ್ವಾಸ ಹುಟ್ಟಿಸಿ, ಆಮೇಲೆ ಕೊರಳಿಗೆ ವಸ್ತ್ರ ಹಾಕುತ್ತಿದ್ದರು. ನಲವತ್ತು ದಿನ ಬಿದ್ದ ಹನಿಗಳೂ ಅಂತಹ ಜೊತೆನಡಿಗೆಯೇ ಆಗಿದ್ದುವು.

ಹುಡುಗನು ಎಂಟು ದಿನ ಬಾಯಿ ಬಿಡಲಿಲ್ಲ. ಫೀ ಕಟ್ಟುವ ಕಡೆಯ ದಿನ ಬಂದಾಗ ಅಳುತ್ತ ಹೇಳಿದನು. ಸೈಬರ್ ವಂಚನೆಯ ದೂರಿಗೆ 1930 ಎಂಬ ಸಂಖ್ಯೆಯಿದೆ. ಕೂಡಲೆ ಕರೆ ಮಾಡಿದರೆ ಹಣದ ಜಾಡು ಹಿಡಿಯಲು ಆಸ್ಪದವುಂಟು. ನಾವು ಕರೆ ಮಾಡಿದುದು ಒಂಬತ್ತನೆಯ ದಿನ. ದೂರು ದಾಖಲಾಯಿತು, ಹಣವು ಬರಲಿಲ್ಲ. ತಂಗಿಯು ಹಣದ ಮಾತೆತ್ತಲಿಲ್ಲ. "ಅಣ್ಣಾ, ಎಂಟು ದಿನ ಹುಡುಗ ಸರಿಯಾಗಿ ಉಣ್ಣಲಿಲ್ಲ. ಕೇಳಿದ್ರ ತಲಿನೋವು ಅಂದ. ನನ್ನ ಮುಂದ ಹೇಳಾಕ ಅಂಜಿದ್ನಲ್ಲ" ಎಂದಷ್ಟೇ ಅಂದಳು. ಆ ಮಾತು ನಮ್ಮನ್ನು ಬಹುವಾಗಿ ನೋಯಿಸಿತು.

ಮನೆಯಲ್ಲಿ ಎಳೆಯರು ಇಂತಹ ನಲ್ಲಿಯ ಬಳಿ ಸುಳಿಯುತ್ತಿದ್ದರೆ ಹಿರಿಯರು ಗದರಿಸಿ ಸುಮ್ಮನಾಗುವುದು ಯುಕ್ತವಲ್ಲ. ಜೊತೆಯಲ್ಲಿ ಕುಳಿತು ನೋಡತಕ್ಕದ್ದು. ಕಲಿಯುವ ಆಸೆಯುಳ್ಳವರಿಗೆ ಟೆಸ್ಟ್‌ನೆಟ್ ಎಂಬ ಬೇರೆ ನಲ್ಲಿಗಳಿವೆ. ಅಲ್ಲಿಯ ನಾಣ್ಯಕ್ಕೆ ಬೆಲೆಯಿಲ್ಲ. ಅದು ಅಭ್ಯಾಸಕ್ಕೆ ಮಾತ್ರ. ನಿಜವಾದ ಹನಿಯೇ ಬೇಕೆಂಬುವರು ಬರಿದಾದ ಪ್ರತ್ಯೇಕ ವಾಲೆಟ್ಟನ್ನೂ ಪ್ರತ್ಯೇಕ ಇಮೇಲನ್ನೂ ಇಟ್ಟುಕೊಳ್ಳಲಿ. ಹನ್ನೆರಡು ಪದಗಳನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಡಬೇಕು. ಅದರ ಫೋಟೋ ಕೂಡದು. ಆಧಾರ್, ಪ್ಯಾನ್ ಕಾರ್ಡುಗಳ ಚಿತ್ರವನ್ನು ನಲ್ಲಿಗೆ ಕೊಡಲಾಗದು. ಯಾರೋ ಕಳುಹಿಸಿದ ಆ್ಯಪನ್ನು ಮೊಬೈಲಿಗೆ ಹಾಕಿಕೊಳ್ಳಲೂ ಆಗದು. ನಮ್ಮ ಮೆಸೇಜುಗಳನ್ನು ಓದಲು ಅಂತಹ ಆ್ಯಪಿಗೆ ಅಪ್ಪಣೆ ಕೊಟ್ಟರೆ, ತಾಯಿಯ ಗೃಹಲಕ್ಷ್ಮಿ ಹಣವಿರುವ ಖಾತೆಯ ಓಟಿಪಿಯೂ ಕಳ್ಳನ ಕಣ್ಣಿಗೆ ಬೀಳುವುದು. ಹಣ ಬಿಡಿಸಿಕೊಳ್ಳಲು ಮುಂಗಡ ಹಣ ಕೇಳಿದರೆ ಅಲ್ಲಿಂದ ಎದ್ದುಬರುವುದೇ ಲಾಭ. ಇಷ್ಟಾಗಿಯೂ ಮೋಸ ಹೋದರೆ ಆ ದಿನವೇ ಮನೆಯಲ್ಲಿ ಹೇಳುವಷ್ಟು ಸಲಿಗೆಯು ಮಕ್ಕಳಿಗಿರಬೇಕು. ಉಳಿದ ಎಲ್ಲ ಎಚ್ಚರಿಕೆಗಳಿಗಿಂತ ಇದು ದೊಡ್ಡದು.

ಹುಡುಗನ ಫೀಯನ್ನು ನಾವು ಕಟ್ಟಿದೆವು. ತಂಗಿಯು ಅದನ್ನು ಉಪಕಾರವೆಂದು ಬಗೆದಳು. ದೀಪಾವಳಿಯ ದಿನ ನಕ್ಕು ಆಡಿದ ಮಾತಿಗೆ ತೆತ್ತ ದಂಡವೆಂದು ನಾವು ತಿಳಿದುಕೊಂಡಿದ್ದೇವೆ.