ಜೋರು ಗಾಳಿಗೆ ಚಿಕ್ಕ ರೆಕ್ಕೆ

ಬೆಳೆಯುವ ಮಕ್ಕಳಿಗೆ ಅಂಗಿ ಹೊಲಿಸುವಾಗ ಒಂದಿಷ್ಟು ಸಡಿಲವಾಗಿಯೇ ಹೊಲಿಸುವುದು ಮನೆಮನೆಯ ವಾಡಿಕೆ. ಮುಂದಿನ ವರ್ಷಕ್ಕೂ ಬಂದೀತು ಎಂಬ ಲೆಕ್ಕಾಚಾರ. ಈ ಲೆಕ್ಕ ಶಾಲೆಯ ಸಮವಸ್ತ್ರಕ್ಕೆ ಸರಿ, ಬೂಟಿಗೆ ಹಾಗೂ ಹೀಗೂ ಸರಿ. ಪ್ಯಾರಾವಿಂಗ್ ಎಂಬ ಬಟ್ಟೆಯ ರೆಕ್ಕೆಗೆ ಮಾತ್ರ ಖಂಡಿತ ಸಲ್ಲದು. ಅಮೆರಿಕದ ಆರೆಗನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಂಡೆಯ ಹುಡ್ ರಿವರ್ ಎಂಬ ಊರಿನಲ್ಲಿ ಬೇಸಿಗೆಯ ಒಂದು ಮಧ್ಯಾಹ್ನ ನಿಂತರೆ ಸಾಕು, ಇದು ಯಾರಿಗಾದರೂ ಅರ್ಥವಾಗುತ್ತದೆ.

ಆಷಾಢದಲ್ಲಿ ಗಾಳಿಪಟ ಹಾರಿಸಿದವರಿಗೆ ಪ್ಯಾರಾವಿಂಗ್ ತೀರ ಅಪರಿಚಿತವೇನಲ್ಲ. ಒಂದೇ ಪದರದ ತೆಳು ಬಟ್ಟೆ; ಪಟಕ್ಕೆ ಸೂತ್ರ ಕಟ್ಟಿದಂತೆ ಅದಕ್ಕೆ ಹತ್ತಾರು ಸಣ್ಣ ದಾರಗಳು; ದಾರಗಳೆಲ್ಲ ಬಂದು ಸೇರುವಲ್ಲಿ ಕೈಗೆ ಹಿಡಿಯಲು ಮೊಳದುದ್ದದ ಕೋಲು. ಪಟಕ್ಕಿರುವ ಕಡ್ಡಿ ಇದಕ್ಕಿಲ್ಲ, ಬಾಲಂಗೋಚಿಯೂ ಇಲ್ಲ. ಸವಾರನ ಕಾಲಡಿಯಲ್ಲಿ ಒಂದು ಹಲಗೆ, ಅದರ ಕೆಳಗೆ ನೀರಿಗಿಳಿದ ಕಂಬ, ಕಂಬದ ತುದಿಯಲ್ಲಿ ವಿಮಾನದ ರೆಕ್ಕೆಯನ್ನು ಹೋಲುವ ಫಾಯಿಲ್. ವೇಗ ಬಂದೊಡನೆ ಹಲಗೆ ನೀರನ್ನು ಬಿಟ್ಟು ಮೇಲೇಳುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಆದ್ದರಿಂದಲೇ ಮೇಲಿನ ಬಟ್ಟೆ ಮೂರು ನಾಲ್ಕು ಚದರ ಮೀಟರ್ ಇದ್ದರೆ, ಒಬ್ಬ ಆಳನ್ನು ಎತ್ತಿ ಹಿಡಿಯುವ ಕೆಳಗಿನ ಫಾಯಿಲ್‌ಗೆ ಒಂದು ಚದರ ಅಡಿ ಸಾಕು!

ಈ ಬಗೆಯ ಮೆದು ರೆಕ್ಕೆಯ ಹಿರಿಯಜ್ಜಿಯೊಬ್ಬಳಿದ್ದಾಳೆ. 1948ರಲ್ಲಿ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ರೊಗಾಲೊ ಮತ್ತು ಆತನ ಪತ್ನಿ ಗರ್ಟ್ರೂಡ್, ಅಡುಗೆಮನೆಯ ಪರದೆ ಬಟ್ಟೆಯಿಂದಲೇ ಕಡ್ಡಿಯಿಲ್ಲದ ಪಟವೊಂದನ್ನು ಹೊಲಿದು ಹಾರಿಸಿದರು. 1960ರ ದಶಕದಲ್ಲಿ ನಾಸಾ ಸಂಸ್ಥೆ ಜೆಮಿನಿ ಗಗನನೌಕೆಯನ್ನು ನೆಲಕ್ಕಿಳಿಸಲು ಅದೇ ತತ್ವದ ರೆಕ್ಕೆಯನ್ನು ಪರೀಕ್ಷಿಸಿತು. ಪ್ಯಾರಾವಿಂಗ್ ಎಂಬ ಹೆಸರು ಆಗಲೇ ಬಳಕೆಯಲ್ಲಿತ್ತು. ನೌಕೆಗೆ ಕೊನೆಗೆ ಪ್ಯಾರಾಚೂಟೇ ಗತಿಯಾಯಿತು. ಈಗಿನ ಫಾಯಿಲ್ ಆಟದ ಪ್ಯಾರಾವಿಂಗ್ ಹವಾಯಿಯ ಮಾವಿ ದ್ವೀಪದಲ್ಲಿ ರೂಪುಗೊಂಡು 2024ರಲ್ಲಿ ಮಾರುಕಟ್ಟೆಗೆ ಬಂತು.

ಹುಡ್ ರಿವರ್‌ನ ಗಾಳಿಯ ಗುಟ್ಟು ಭೂಗೋಳದ ಪುಸ್ತಕದಲ್ಲೇ ಇದೆ. ಬೇಸಿಗೆಯಲ್ಲಿ ಪೂರ್ವದ ಒಣನೆಲ ಕಾಯುತ್ತದೆ, ಅಲ್ಲಿನ ಗಾಳಿ ಮೇಲೇರುತ್ತದೆ. ಪಶ್ಚಿಮದ ಪೆಸಿಫಿಕ್ ಸಾಗರದ ತಂಪುಗಾಳಿ ಆ ಜಾಗಕ್ಕೆ ಧಾವಿಸುತ್ತದೆ. ನಡುವೆ ಕ್ಯಾಸ್ಕೇಡ್ ಬೆಟ್ಟಸಾಲು ಅಡ್ಡ ನಿಂತಿದೆ. ಅದನ್ನು ಸೀಳಿರುವ ಕೊಲಂಬಿಯಾ ಕಣಿವೆಯೇ ಗಾಳಿಗೆ ದಾರಿ. ನದಿ ಹರಿಯುವುದು ಪಶ್ಚಿಮಕ್ಕೆ, ಗಾಳಿ ಬೀಸುವುದು ಪೂರ್ವಕ್ಕೆ. ಇಬ್ಬರ ಜಗಳದಲ್ಲಿ ಅಲೆ ಕಡಿದಾಗಿ ಏಳುತ್ತದೆ. ಸವಾರರು ಮೇಲ್ಗಾಳಿಯ ಕಡೆ ಇರುವ ವಿಯೆಂಟೊ ಎಂಬಲ್ಲಿ ನೀರಿಗಿಳಿದು, ಹತ್ತು ಹನ್ನೆರಡು ಕಿಲೋಮೀಟರ್ ಆಚೆಯ ಹುಡ್ ರಿವರ್ ತಲುಪುತ್ತಾರೆ. ವಿಯೆಂಟೊ ಎಂದರೆ ಸ್ಪ್ಯಾನಿಷ್‌ನಲ್ಲಿ ಗಾಳಿ. ಆದರೆ ಊರಿನ ಹೆಸರು ಬಂದದ್ದು ವಿಲಾರ್ಡ್, ಎಂಡಿಕಾಟ್, ಟಾಲ್ಮನ್ ಎಂಬ ಮೂವರು ರೈಲ್ವೆ ಧಣಿಗಳ ಮೊದಲಕ್ಷರಗಳಿಂದಂತೆ. ಗಾಳಿಯೂ ಕಾಕತಾಳೀಯವಾಗಿ ಒಪ್ಪಿಗೆ ಕೊಟ್ಟಿದೆ, ಅಷ್ಟೆ.

ಇಲ್ಲಿ ಹೊಸಬ ಎಡವುವುದು ಗುಣಾಕಾರದಲ್ಲಿ. ಗಾಳಿಯ ವೇಗ ಗಂಟೆಗೆ 30 ಕಿಲೋಮೀಟರ್‌ನಿಂದ 60ಕ್ಕೆ ಏರಿದರೆ ರೆಕ್ಕೆಯ ಎಳೆತ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಎಳೆತ ವೇಗದ ವರ್ಗಕ್ಕೆ ಅನುಗುಣ. ಬೆಳಿಗ್ಗೆ ಹಿತವಾಗಿದ್ದ ಐದು ಚದರ ಮೀಟರ್ ರೆಕ್ಕೆ ಮಧ್ಯಾಹ್ನ ಅದೇ ಹುಡುಗನ ತೋಳನ್ನು ಜಗ್ಗತೊಡಗುವುದು ಇದಕ್ಕೇ. ಬಲ್ಲವರು ಅಷ್ಟರಲ್ಲಿ ಮೂರಕ್ಕೆ, ಎರಡೂವರೆಗೆ ಇಳಿದಿರುತ್ತಾರೆ. ಚಿಕ್ಕದನ್ನು ಹಿಡಿದವನು ಅಂಜುಬುರುಕನೆಂದು ನಗುವ ಗೆಳೆಯರ ಗುಂಪು ಎಲ್ಲ ದೇಶದಲ್ಲೂ ಇದ್ದೀತು. ನೀರಿನ ನಡುವೆ ದಾರ ತೊಡರಿದಾಗ ಆ ಗುಂಪು ಜೊತೆಗಿರುವುದಿಲ್ಲ.

ಕೆಳಗಿನ ಫಾಯಿಲ್‌ಗೂ ಇದೇ ಮಾತು. ದೊಡ್ಡದು ಬೇಗ ಎತ್ತುತ್ತದೆ, ಕಲಿಯುವವನಿಗೆ ಅದು ಬೇಕು. ಆದರೆ ವೇಗ ಹೆಚ್ಚಿದಾಗ ಅದು ಎತ್ತುತ್ತಲೇ ಹೋಗುತ್ತದೆ. ಫಾಯಿಲ್ ನೀರಿನ ಮೇಲ್ಮೈಯನ್ನು ಸೀಳಿ ಹೊರಬಂದರೆ ಆಧಾರ ಒಮ್ಮೆಗೇ ತಪ್ಪಿ ಸವಾರ ಮುಗ್ಗರಿಸುತ್ತಾನೆ.

ರೆಕ್ಕೆಗಳನ್ನು ಹೋಲಿಸುವಾಗಲೂ ಯಾವುದು ಹೆಚ್ಚು ಎಳೆಯುತ್ತದೆ ಎಂಬುದಷ್ಟನ್ನೇ ಕೇಳುವುದು ಅರ್ಧ ಪ್ರಶ್ನೆ. ಈ ಆಟದ ಗುರಿಯೇ ರೆಕ್ಕೆಯನ್ನು ಬಿಟ್ಟುಬಿಡುವುದು. ಅಲೆ ಸಿಕ್ಕ ಕೂಡಲೇ ಬಟ್ಟೆಯನ್ನು ಮುದುಡಿ ಸೊಂಟದ ಚೀಲಕ್ಕೆ ತುರುಕಿ, ಬರಿಗೈಯಲ್ಲಿ ಅಲೆಯ ಇಳಿಜಾರಿನಲ್ಲಿ ಜಾರಬೇಕು. ಉದ್ದನೆಯ ಸಪೂರ ರೆಕ್ಕೆ ಗಾಳಿಗೆ ಎದುರಾಗಿ ಚೆನ್ನಾಗಿ ಏರುತ್ತದೆ, ಆದರೆ ಮತ್ತೆ ಬಿಡಿಸುವಾಗ ಹಟ ಮಾಡುತ್ತದೆ. ಗಿಡ್ಡನೆಯದು ಮೇಲ್ಗಾಳಿಗೆ ಸೋಮಾರಿ, ಕೊಡೆಯಂತೆ ಥಟ್ಟನೆ ಅರಳುವುದರಲ್ಲಿ ಚುರುಕು. ಜೋರು ಗಾಳಿಯಲ್ಲಿ ಎರಡನೆಯದರ ಗುಣವೇ ಹೆಚ್ಚು ಬೆಲೆಬಾಳುತ್ತದೆ.

ಅದಕ್ಕೊಂದು ಲೆಕ್ಕವೂ ಇದೆ. ಬೀಸುಗಾಳಿ 45, ಸವಾರ ಅದೇ ದಿಕ್ಕಿಗೆ 25ರಲ್ಲಿ ಸಾಗುತ್ತಿದ್ದರೆ ಅವನಿಗೆ ತಗಲುವ ಗಾಳಿ 20 ಮಾತ್ರ; ರೆಕ್ಕೆ ತಣ್ಣಗಾಗುತ್ತದೆ, ಮುದುಡಲು ಅದೇ ಮುಹೂರ್ತ. ಬಿದ್ದು ನಿಂತನೆಂದರೆ ಪೂರ್ತಿ 45 ಮತ್ತೆ ಅವನ ಪಾಲಿಗೆ. ರೆಕ್ಕೆಯನ್ನು ಬಿಡಿಸಬೇಕಾದದ್ದು ಆ ಗಾಳಿಯಲ್ಲಿ.

ಸೋಮವಾರ ಒಂದು ರೆಕ್ಕೆ, ಗುರುವಾರ ಇನ್ನೊಂದು ಹಿಡಿದು ತೀರ್ಪು ಕೊಡುವವರ ಮಾತನ್ನು ಅಂಗಡಿಗೆ ಹೋಗುವ ಮುನ್ನ ಮರೆಯುವುದು ಲೇಸು. ಎರಡು ದಿನದ ಗಾಳಿ ಎಂದೂ ಒಂದೇ ಅಲ್ಲ. ಹುಷಾರಿನವರು ಇಬ್ಬರು ಜೊತೆಯಾಗಿ, ಒಂದೇ ಗಂಟೆಯಲ್ಲಿ, ಹಲಗೆ ಫಾಯಿಲ್ ಯಾವುದನ್ನೂ ಬದಲಿಸದೆ, ದಂಡೆಯಲ್ಲಿ ರೆಕ್ಕೆಯನ್ನಷ್ಟೇ ಅದಲುಬದಲು ಮಾಡಿ ನೋಡುತ್ತಾರೆ. ನಡುವೆ ಗಾಳಿ ಮಿತಿಮೀರಿದರೆ ರೆಕ್ಕೆಗಳನ್ನು ಹಿಂಡಿ ಒಣಗಲು ಹರವಿ, ಕಾರಿನಲ್ಲಿ ಕುಳಿತು ನದಿಯನ್ನು ನೋಡುತ್ತಾರೆ.