ಅಲುಗಾಡಲಿರುವ ಇಟ್ಟಿಗೆ

ಗೋಡೆಯ ಒಂದು ಇಟ್ಟಿಗೆ ಮಾತ್ರ ಉಳಿದವಕ್ಕಿಂತ ತುಸು ತಿಳಿಯಾಗಿ ಕಂಡರೆ, ಇನ್ನೇನು ಅದು ಒಳಕ್ಕೆ ಸರಿಯುತ್ತದೆ, ಗೋಡೆ ಬಾಯಿ ಬಿಡುತ್ತದೆ, ಶ್ಯಾಗಿ ಎಂಬ ಹುಡುಗನೂ ಸ್ಕೂಬಿ ಎಂಬ ನಾಯಿಯೂ ತಲೆಕೆಳಗಾಗಿ ಒಳಗೆ ಉರುಳುತ್ತಾರೆ. ಕಪಾಟಿನ ತುಂಬ ಪುಸ್ತಕಗಳಿದ್ದು, ಅವುಗಳಲ್ಲಿ ಒಂದರ ಬೆನ್ನು ನೆರಳಿಲ್ಲದೆ ಸಪಾಟು ಬಣ್ಣದಲ್ಲಿದ್ದರೆ ಯಾರೋ ಅದನ್ನೇ ಎಳೆಯುತ್ತಾರೆ. ಹಳೆಯ ಕಾರ್ಟೂನು ನೋಡಿ ಬೆಳೆದವರಿಗೆಲ್ಲ ಇದು ಗೊತ್ತು. ಕಥೆಯೊಳಗಿನ ಪತ್ತೇದಾರರಿಗಿಂತ ಮೊದಲೇ ನೋಡುತ್ತ ಕೂತವರಿಗೆ ಸುಳಿವು ಸಿಕ್ಕಿರುತ್ತದೆ. ಇದನ್ನು ದೋಷ ಎನ್ನುವವರು ಎನ್ನಲಿ, ನನಗಂತೂ ಆ ಇಟ್ಟಿಗೆಯ ಮೇಲೆ ವಿಪರೀತ ಪ್ರೀತಿ.

ನನ್ನ ಹವ್ಯಾಸ ಕೇಳಿದವರು ನಗುತ್ತಾರೆ. ‘ಸ್ಕೂಬಿ-ಡೂ, ವೇರ್ ಆರ್ ಯೂ!’ ಎಂಬ 1969ರ ಅಮೆರಿಕದ ಸರಣಿಯ ಕಂತುಗಳನ್ನು ಹಾಕಿಕೊಂಡು, ರಿಮೋಟಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನಿಲ್ಲಿಸಿ ನೋಡುತ್ತ ಕೂರುವುದು. ಕಥೆಗಾಗಿ ಅಲ್ಲ. ಕಥೆ ಎಲ್ಲ ಕಂತಿನಲ್ಲೂ ಹೆಚ್ಚುಕಡಿಮೆ ಒಂದೇ: ನಾಲ್ವರು ಹದಿಹರೆಯದವರು, ಒಂದು ಅಂಜುಬುರುಕ ಗ್ರೇಟ್ ಡೇನ್ ನಾಯಿ, ಹೂವಿನ ಚಿತ್ತಾರದ ವ್ಯಾನು, ಪಾಳು ಬಂಗಲೆ, ಅಟ್ಟಿಸಿಕೊಂಡು ಬರುವ ಭೂತ. ಕೊನೆಗೆ ಭೂತದ ಮುಖವಾಡ ಕಿತ್ತರೆ ಒಳಗೊಬ್ಬ ದುಡ್ಡಿನಾಸೆಯ ಮನುಷ್ಯ. ನಾನು ನೋಡುವುದು ಅದನ್ನು ಹೇಗೆ ಮಾಡಿದರು ಎಂಬುದನ್ನು, ಅದಕ್ಕಿಂತ ಹೆಚ್ಚಾಗಿ, ಏನೇನು ಮಾಡದೆ ತಪ್ಪಿಸಿಕೊಂಡರು ಎಂಬುದನ್ನು.

ಇಟ್ಟಿಗೆಯ ಗುಟ್ಟು ಇಷ್ಟೇ. ಆಗ ಹಿನ್ನೆಲೆಯನ್ನು ಒಬ್ಬ ಕಲಾವಿದ ದಪ್ಪ ರಟ್ಟಿನ ಮೇಲೆ ಕುಂಚದಲ್ಲಿ ಬಿಡಿಸುತ್ತಿದ್ದ. ಪಾಚಿ, ಕಲೆ, ಬಿರುಕು, ನೆರಳು ಎಲ್ಲ ಇರುವ ಅಪ್ಪಟ ವರ್ಣಚಿತ್ರ ಅದು. ಅಲುಗಾಡುವ ವಸ್ತುವನ್ನು ಮಾತ್ರ ಸೆಲ್ ಎಂಬ ಪಾರದರ್ಶಕ ಹಾಳೆಯ ಮೇಲೆ ಬೇರೆಯಾಗಿ ಬರೆಯಬೇಕು. ಮುಂಬದಿಗೆ ಗೆರೆ, ಹಿಂಬದಿಗೆ ಬಣ್ಣ. ಆ ಬಣ್ಣ ಒಂದೇ ಸಮ, ಅದರಲ್ಲಿ ಕುಂಚದ ಗುರುತೇ ಇರದು. ಮೂರು ನಾಲ್ಕು ಸೆಲ್ ಒಂದರ ಮೇಲೊಂದು ಪೇರಿಸಿದರೆ ಹಾಳೆಗಳ ಮಬ್ಬಿಗೆ ಅಡಿಯ ಬಣ್ಣ ಕುಗ್ಗುತ್ತದೆ. ಹಾಗಾಗಿ ಮೇಲಿನ ಪದರದ ಅಂಗಿಗೆ ಒಂದು ನೀಲಿ, ಅಡಿಯ ಪದರದಲ್ಲಿರುವ ಅದೇ ಅಂಗಿಗೆ ಅದಕ್ಕಿಂತ ಒಂದಿಷ್ಟು ತಿಳಿಯಾದ ನೀಲಿ ಕಲಸಿಡುತ್ತಿದ್ದರು. ಈ ಬಣ್ಣ ತುಂಬುವ ಕೆಲಸಕ್ಕೆ ಕೂರುತ್ತಿದ್ದವರು ಬಹುಪಾಲು ಹೆಂಗಸರು. ಎಷ್ಟು ಹೊಂದಿಸಿದರೂ ರಟ್ಟಿನ ಇಟ್ಟಿಗೆಯೂ ಸೆಲ್ಲಿನ ಇಟ್ಟಿಗೆಯೂ ಒಂದೇ ಗೋಡೆಗೆ ಸೇರಿದವು ಅನ್ನಿಸುತ್ತಿರಲಿಲ್ಲ.

ರಟ್ಟಿನ ಮೇಲಿನ ಆ ಚಿತ್ರಗಳನ್ನು ನಿಲ್ಲಿಸಿ ನೋಡಲೇಬೇಕು. ಡಿಸ್ನಿಯಲ್ಲಿ ‘ಸ್ಲೀಪಿಂಗ್ ಬ್ಯೂಟಿ’ಗೆ ದುಡಿದಿದ್ದ ವಾಲ್ಟ್ ಪೆರೆಗಾಯ್ ಇಲ್ಲಿ ಹಿನ್ನೆಲೆಯ ಕೆಲಸಕ್ಕೆ ಬಂದಿದ್ದ. ರಾತ್ರಿ ಎಂದರೆ ಕಪ್ಪು ಬಳಿದು ಕೈತೊಳೆದುಕೊಂಡಿಲ್ಲ. ನೇರಳೆ ಆಕಾಶ, ಹಸಿರು ಕಾರುವ ಮಂಜು, ಸೊಟ್ಟ ಕೊಂಬೆ, ಇನ್ನೂ ಸೊಟ್ಟ ಕಿಟಕಿ. ಪಾತ್ರಗಳನ್ನೆಲ್ಲ ಎತ್ತಿ ಆಚೆ ಇಟ್ಟರೂ ಆ ಮನೆಯೊಳಗೆ ಕಾಲಿಡಲು ಭಯವಾಗುತ್ತದೆ. ಚಲನೆಯಲ್ಲಿ ಉಳಿಸಿದ ದುಡ್ಡನ್ನು ಹಿನ್ನೆಲೆಗೆ ಸುರಿದಿದ್ದಾರೆ ಎಂದೇ ನನ್ನ ಗುಮಾನಿ.

ಚಲನೆಯಲ್ಲಿ ಉಳಿಸುವ ವಿದ್ಯೆಗೆ ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಗುರುಗಳು. ಎಂಜಿಎಂ ಸ್ಟುಡಿಯೋದಲ್ಲಿ ‘ಟಾಮ್ ಅಂಡ್ ಜೆರ್ರಿ’ ಮಾಡಿ ಏಳು ಆಸ್ಕರ್ ತಂದುಕೊಟ್ಟ ಜೋಡಿ ಇದು. 1957ರಲ್ಲಿ ಸ್ಟುಡಿಯೋ ತನ್ನ ಕಾರ್ಟೂನು ವಿಭಾಗಕ್ಕೇ ಬೀಗ ಹಾಕಿತು. ಇಬ್ಬರೂ ಟಿವಿಯ ಬಾಗಿಲು ತಟ್ಟಿದರು. ಟಿವಿ ಕೊಡುತ್ತಿದ್ದ ಹಣವೋ, ಬೆಕ್ಕು ಇಲಿಯ ಒಂದು ಓಟಕ್ಕೂ ಸಾಲದಷ್ಟು. ಲೆಕ್ಕ ಹಾಕಿ ನೋಡಿ: ಜಾಹೀರಾತು ಕಳೆದರೆ ಅರ್ಧ ಗಂಟೆಯ ಕಂತಿನಲ್ಲಿ ಸುಮಾರು 22 ನಿಮಿಷ, ಸೆಕೆಂಡಿಗೆ 24 ಫ್ರೇಮಿನಂತೆ ಮೂವತ್ತೊಂದು ಸಾವಿರಕ್ಕೂ ಮಿಕ್ಕಿದ ಫ್ರೇಮು. ಒಂದು ಚಿತ್ರವನ್ನು ಎರಡು ಫ್ರೇಮಿಗೆ ಹಂಚಿದರೂ ಹದಿನೈದು ಸಾವಿರ ದಾಟುತ್ತದೆ. ವಾರಕ್ಕೊಂದು ಕಂತು ಕೊಡಬೇಕಾದವರು ಹಾಗೆ ಬರೆಯುತ್ತ ಕೂತರೆ ಮುಗಿಯಿತು ಕಥೆ.

ಹಾಗಾಗಿ ಮೈಯನ್ನೇ ಕತ್ತರಿಸಿದರು. ಪಾತ್ರ ಮಾತಾಡುವಾಗ ದೇಹ ಒಂದು ಸೆಲ್ಲಿನಲ್ಲಿ ಸುಮ್ಮನೆ ನಿಂತಿರುತ್ತದೆ, ತಲೆ ಇನ್ನೊಂದರಲ್ಲಿ, ಬಾಯಿ ಮತ್ತೊಂದರಲ್ಲಿ. ಬದಲಾಗುವುದು ಬಾಯಿ ಮಾತ್ರ. ಆಗೀಗ ರೆಪ್ಪೆ ಬಡಿದರೆ ಅದೇ ಔದಾರ್ಯ. ಆದರೆ ತಲೆ ಒಂದು ಕಡೆ, ಮೈ ಒಂದು ಕಡೆ ಆದಾಗ ಕತ್ತಿನಲ್ಲೊಂದು ಹೊಲಿಗೆ ಕಾಣುತ್ತದಲ್ಲ, ಅದಕ್ಕೇನು ಮಾಡುವುದು? ಮೈಮೇಲೆ ಬೇರೆ ಬಟ್ಟೆಯೇ ಇಲ್ಲದ ಯೋಗಿ ಬೇರ್ ಎಂಬ ಕರಡಿಗೆ ಕಾಲರು, ಟೈ ಕಟ್ಟಿದ್ದು ಯಾವ ಸೀಮೆ ಶಿಸ್ತಿಗೂ ಅಲ್ಲ, ಈ ಹೊಲಿಗೆ ಮುಚ್ಚಲು! ಇದು ತಿಳಿದ ಮೇಲೆ ಸ್ಕೂಬಿ ತಂಡದ ಕತ್ತುಗಳನ್ನೊಮ್ಮೆ ನೋಡಿ. ಫ್ರೆಡ್‌ಗೆ ಕಿತ್ತಳೆ ಬಣ್ಣದ ಕೊರಳವಸ್ತ್ರ. ಡ್ಯಾಫ್ನಿಗೆ ಹಸಿರು ಸ್ಕಾರ್ಫು. ವೆಲ್ಮಾಳಿಗೆ ಗಲ್ಲದವರೆಗೆ ಏರಿದ ಸ್ವೆಟರಿನ ಮಡಿಕೆ. ನಾಯಿಗೆ ಬಿಲ್ಲೆ ತೂಗುವ ನೀಲಿ ಪಟ್ಟಿ. ಶ್ಯಾಗಿಯ ಬರಿಗತ್ತು ಮಾತ್ರ ಹಸಿರು ಬನಿಯನ್ನಿನಿಂದ ಉದ್ದಕ್ಕೆ ಹೊರಗೆ ಚಾಚಿದೆ. ಅವನು ಎಲ್ಲದರಲ್ಲೂ ಸೋಮಾರಿ.

ಇನ್ನು ಓಟ. ಉದ್ದನೆಯ ಪಟ್ಟಿಯ ಮೇಲೆ ಓಣಿ ಬರೆದು, ಪಟ್ಟಿಯ ಬಾಲವೂ ತಲೆಯೂ ಕೂಡುವಂತೆ ಮಾಡಿ ಕ್ಯಾಮೆರಾದ ಕೆಳಗೆ ಸರಿಸುತ್ತ ಹೋಗುವುದು. ಓಡುವವರ ಕಾಲುಗಳದು ಬೆರಳೆಣಿಕೆಯ ಚಿತ್ರಗಳ ಒಂದು ಸುತ್ತು. ಬಾಗಿಲು, ದೀಪ, ಪಟ, ಬಾಗಿಲು, ದೀಪ, ಪಟ. ಅದೆಂಥ ಬಂಗಲೆಯೋ, ಒಂದೇ ಅಜ್ಜನ ಪಟವನ್ನು ಗೋಡೆಯುದ್ದಕ್ಕೂ ನೇತುಹಾಕಿದ್ದಾರೆ! ಓಟಕ್ಕೆ ಮುಂಚೆ ಕಾಲುಗಳು ನಿಂತಲ್ಲೇ ಗಾಳಿಯಲ್ಲಿ ಗಿರಗಿರ ತಿರುಗುತ್ತವೆ, ಹಿಂದಿನಿಂದ ಬೊಂಗೊ ಡ್ರಮ್ಮಿನ ಟಕಟಕ. ಕಣ್ಣಿಗೆ ಬೀಳುವುದು ಒಂದು ಮಸುಕು ಚಕ್ರ ಅಷ್ಟೇ. ಅವಸರವನ್ನೆಲ್ಲ ಕಿವಿಗೆ ವಹಿಸಿಬಿಟ್ಟಿದ್ದಾರೆ. ಶಬ್ದ ಮುಚ್ಚಿ ನೋಡಿದರೆ ಆ ಓಟ ಓಟವೇ ಅಲ್ಲ, ಚಿತ್ರ ಮುಚ್ಚಿ ಕೇಳಿದರೆ ಊರೇ ಓಡುತ್ತಿದೆ.

ಈ ಸರಣಿಯನ್ನು ಹೆಣೆದ ಜೋ ರೂಬಿ ಮತ್ತು ಕೆನ್ ಸ್ಪಿಯರ್ಸ್ ಇಬ್ಬರೂ ಮೂಲತಃ ಹ್ಯಾನಾ-ಬಾರ್ಬೆರಾ ಸ್ಟುಡಿಯೋದ ಎಡಿಟಿಂಗ್ ಕೋಣೆಯವರು ಎಂಬುದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಎಲ್ಲಿ ಕತ್ತರಿಸಬೇಕು, ಎಲ್ಲಿ ಕಿರುಚಾಟ ತುಂಬಬೇಕು ಎಂಬುದು ಅವರ ಕೈಯಲ್ಲೇ ಇತ್ತು. ಬರೆಸಿಕೊಂಡವನು ಸಿಬಿಎಸ್ ಜಾಲದ ಹಗಲು ಕಾರ್ಯಕ್ರಮಗಳ ಹೊಣೆ ಹೊತ್ತಿದ್ದ ಫ್ರೆಡ್ ಸಿಲ್ವರ್‌ಮನ್. ಆ ಹೊತ್ತಿಗೆ ಶನಿವಾರ ಬೆಳಗಿನ ಕಾರ್ಟೂನುಗಳಲ್ಲಿ ಹೊಡೆದಾಟ ಅತಿಯಾಯಿತೆಂದು ಅಮೆರಿಕದ ತಾಯಂದಿರು ತಿರುಗಿಬಿದ್ದಿದ್ದರು. ಏಟು ಇರಬಾರದು, ರೋಮಾಂಚನ ಮಾತ್ರ ಇರಬೇಕು. ಮೊದಲ ಕರಡಿನಲ್ಲಿ ಹುಡುಗರದು ವಾದ್ಯಗೋಷ್ಠಿ, ನಾಯಿ ಬೊಂಗೊ ಬಾರಿಸುತ್ತಿತ್ತು. ಸಿಬಿಎಸ್‌ನ ಅಧ್ಯಕ್ಷ ಫ್ರ್ಯಾಂಕ್ ಸ್ಟಾಂಟನ್ ಚಿತ್ರಗಳನ್ನು ನೋಡಿ, ಮಕ್ಕಳಿಗೆ ಇದು ತೀರಾ ಭಯಾನಕ ಎಂದು ಪಕ್ಕಕ್ಕಿಟ್ಟ. ಆಗ ಮೂಲೆಯಲ್ಲಿದ್ದ ನಾಯಿಯನ್ನು ನಡುಮನೆಗೆ ತಂದರು. ಫ್ರ್ಯಾಂಕ್ ಸಿನಾಟ್ರಾನ ಒಂದು ಹಾಡಿನ ಕೊನೆಯ ಗುನುಗಿನಿಂದ ಹೆಸರು ಹೊಳೆಯಿತೆಂದು ಸಿಲ್ವರ್‌ಮನ್ ಹೇಳಿಕೊಂಡಿದ್ದಾನೆ. ಕೊರಳವಸ್ತ್ರದ ಹುಡುಗನಿಗೆ ಫ್ರೆಡ್ ಎಂಬ ಹೆಸರು ಎಲ್ಲಿಂದ ಬಂತೆಂದು ಕೇಳಬೇಕಾಗಿಲ್ಲ. ದೊಡ್ಡವರ ಹೆಸರಿಡುವ ಪದ್ಧತಿ ಎಲ್ಲ ಕಡೆಯೂ ಇದೆ.

ನಾಯಿಯ ರೂಪ ಇವಾವೊ ಟಕಮೊಟೊ ಅವರದು. ಲಾಸ್ ಏಂಜಲೀಸಿನಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಕುಟುಂಬದ ಸಮೇತ ಮಂಜನಾರ್ ಬಂಧನ ಶಿಬಿರ ಸೇರಿದ ಹುಡುಗ. ಅಲ್ಲೇ ಜೊತೆಗಿದ್ದ ಕಲಾವಿದರಿಂದ ಚಿತ್ರ ಕಲಿತು, 1945ರಲ್ಲಿ ಡಿಸ್ನಿ ಸೇರಿ, 1961ರಲ್ಲಿ ಹ್ಯಾನಾ-ಬಾರ್ಬೆರಾಗೆ ಬಂದರು. ಸ್ಟುಡಿಯೋದಲ್ಲಿ ಗ್ರೇಟ್ ಡೇನ್ ಸಾಕುವ ಸಹೋದ್ಯೋಗಿಯೊಬ್ಬರು ಇದ್ದರಂತೆ. ಒಳ್ಳೆಯ ತಳಿಯ ಲಕ್ಷಣಗಳೇನೆಂದು ಟಕಮೊಟೊ ಆ ಸಹೋದ್ಯೋಗಿಯನ್ನು ಕೂರಿಸಿಕೊಂಡು ವಿಚಾರಿಸಿದರು: ನೆಟ್ಟನೆ ಬೆನ್ನು, ನೇರ ಕಾಲು, ಗಟ್ಟಿ ಗಲ್ಲ. ಎಲ್ಲ ಕೇಳಿಸಿಕೊಂಡು ಬಂದು ಒಂದೊಂದನ್ನೂ ತಿರುವಿಹಾಕಿದರು. ಇಳಿಜಾರು ಬೆನ್ನು, ಸೊಟ್ಟಗಾಲು, ಜೋಲುಗಲ್ಲ. ಸರಿಯಾದದ್ದನ್ನು ಪೂರ್ತಿ ತಿಳಿದುಕೊಂಡ ಮೇಲೇ ಹೀಗೆ ಕೆಡಿಸಲು ಬರುವುದು. ಅದಕ್ಕೇ ಆ ನಾಯಿ ಸುಮ್ಮನೆ ನಿಂತಾಗಲೂ ನಗು ಬರುತ್ತದೆ, ಅಲುಗಾಡಿಸುವ ಖರ್ಚಿಲ್ಲ.

1969ರ ಸೆಪ್ಟೆಂಬರ್ 13, ಶನಿವಾರ ಮೊದಲ ಕಂತು ಬಂತು. ವಸ್ತುಸಂಗ್ರಹಾಲಯದ ಕಪ್ಪು ಕವಚದ ಯೋಧನ ಕಥೆ. ಎರಡು ವರ್ಷಗಳಲ್ಲಿ ಒಟ್ಟು 25 ಕಂತು. ಅಪ್ಪ ಅಮ್ಮ ಇನ್ನೂ ಮಲಗಿರುವಾಗ ಅಲ್ಲಿಯ ಮಕ್ಕಳು ಬಟ್ಟಲಿಗೆ ಸಿರಿಯಲ್ ಸುರಿದುಕೊಂಡು ಟಿವಿಯೆದುರು ಕೂರುತ್ತಿದ್ದರು. ಸಿರಿಯಲ್ ಕಂಪನಿಗಳೇ ನಡುನಡುವೆ ಜಾಹೀರಾತು ಹಾಕುತ್ತಿದ್ದವು. ನಮ್ಮಲ್ಲಿ ಶನಿವಾರ ಬೆಳಗೆಂದರೆ ಬೆಳಗಿನ ಶಾಲೆ, ಬಿಳಿ ಸಮವಸ್ತ್ರ, ಮೈದಾನದಲ್ಲಿ ಸಾಮೂಹಿಕ ಕವಾಯತು. 1995ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದ ಮೇಲೆ, ಕೇಬಲ್ ಎಳೆಸಿಕೊಂಡ ಮನೆಗಳಲ್ಲಿ ನಾವು ಸ್ಕೂಬಿಯನ್ನು ನೋಡಿದ್ದು ಶನಿವಾರ ಮಧ್ಯಾಹ್ನ, ಕಾಲಿನ ಧೂಳನ್ನೂ ತೊಳೆಯದೆ. ಅಷ್ಟರಲ್ಲಿ ಅದು ಕಾಲು ಶತಮಾನ ಹಳೆಯದಾಗಿತ್ತು. ನಮಗೇನು ಗೊತ್ತು, ಅಂದೇ ಮಾಡಿದ್ದು ಎಂದುಕೊಂಡೆವು. ಅಮೆರಿಕದಲ್ಲಿ ಆ ಶನಿವಾರದ ಪದ್ಧತಿ ಕೇಬಲ್ ವಾಹಿನಿಗಳ ಪೈಪೋಟಿಗೂ, ಮಕ್ಕಳಿಗೆ ಶೈಕ್ಷಣಿಕ ಕಾರ್ಯಕ್ರಮ ಕೊಡಲೇಬೇಕೆಂಬ ಸರ್ಕಾರಿ ನಿಯಮಕ್ಕೂ ಸಿಕ್ಕಿ ಸೊರಗುತ್ತ ಬಂದು 2014ರಲ್ಲಿ ನಿಂತೇಹೋಯಿತು.

ನನಗೆ ಹಿಡಿಸದ್ದೂ ಇದೆ. ಹಿನ್ನೆಲೆಯಲ್ಲಿ ಯಾರೋ ಕಾಣದ ಜನ ಘೊಳ್ಳೆಂದು ನಗುತ್ತಾರಲ್ಲ, ಪಾಳು ಕೋಟೆಯಲ್ಲಿ ನಡುರಾತ್ರಿ ಅಷ್ಟೊಂದು ಜನ ಏನು ಮಾಡುತ್ತಿದ್ದರು? ಭೂತಕ್ಕಿಂತ ಅವರದೇ ಹೆದರಿಕೆ. 1979ರಲ್ಲಿ ಬಂದ ಸ್ಕ್ರ್ಯಾಪಿ ಎಂಬ ಮರಿನಾಯಿಯ ಬಗ್ಗೆ ನಾನು ಏನೂ ಹೇಳುವುದಿಲ್ಲ, ಬಾಯಿ ಹೊಲಸಾಗುತ್ತದೆ.

ಭೂತಗಳು ಮಾತ್ರ ಚೆಂದ. ನನ್ನ ಮೆಚ್ಚಿನದು ಕ್ಯಾಪ್ಟನ್ ಕಟ್ಲರ್‌ನದು: ಹಳೆಯ ಕಾಲದ ಮುಳುಗುಗಾರನ ಉಡುಪು, ದುಂಡನೆಯ ಲೋಹದ ತಲೆ, ಮೈತುಂಬ ಹೊಳೆಯುವ ಕಡಲಕಳೆ. ಅವನು ಓಡುವುದಿಲ್ಲ, ಭಾರವಾಗಿ ಹೆಜ್ಜೆಯಿಡುತ್ತಾನೆ. ಹಾಗಾಗಿ ಕಡಿಮೆ ಚಿತ್ರ ಸಾಕು, ಭಯವೂ ಹೆಚ್ಚು. ಮುಖವಾಡ ಕಳಚಿದರೆ ವಿಹಾರನೌಕೆ ಕದಿಯುವ ಕಳ್ಳ. ಖಗೋಳ ವಿಜ್ಞಾನಿ ಕಾರ್ಲ್ ಸಗಾನ್ ತನ್ನ ‘ದ ಡೆಮನ್-ಹಾಂಟೆಡ್ ವರ್ಲ್ಡ್’ ಪುಸ್ತಕದಲ್ಲಿ ಈ ಕಾರಣಕ್ಕೇ ಸ್ಕೂಬಿಯನ್ನು ನೆನೆದಿದ್ದಾನೆ. ಅಲೌಕಿಕ ಎಂದದ್ದನ್ನೆಲ್ಲ ಕೊನೆಯವರೆಗೂ ಬೆನ್ನಟ್ಟಿ ಲೌಕಿಕ ಕಾರಣ ತೋರಿಸುವ ಮಕ್ಕಳ ಕಾರ್ಯಕ್ರಮ ಎಷ್ಟಿವೆ? 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಪವಾಡಗಳ ತನಿಖೆಗೆ ಸಮಿತಿ ಕಟ್ಟಿದ ನಮ್ಮ ಎಚ್. ನರಸಿಂಹಯ್ಯನವರಿಗೆ ಯಾರಾದರೂ ಈ ಸರಣಿ ತೋರಿಸಿದ್ದರೆ ಮೇಷ್ಟ್ರು ಆ ವ್ಯಾನಿಗೆ ಪೆಟ್ರೋಲು ಹಾಕಿಸುತ್ತಿದ್ದರೇನೋ.

ಅಕ್ಕನ ಮಗಳು ರಜೆಗೆ ಬಂದಾಗ ಅವಳಿಗೂ ಈ ಚಟ ಹಿಡಿಸಿದ್ದೇನೆ. ನಿಲ್ಲಿಸುವ ಗುಂಡಿ ಅವಳ ಕೈಲಿರುತ್ತದೆ. “ಮಾಮ, ಈ ನಾಯಿ ಮಾತಾಡ್ತಾ ಇದೆಯೋ ಬೊಗಳ್ತಾ ಇದೆಯೋ?” ಎಂದು ಮೊನ್ನೆ ಕೇಳಿದಳು. ಎರಡೂ ಹೌದು. ಎಲ್ಲ ಪದದ ಮುಂದೂ ಒಂದು ‘ರ’ಕಾರವನ್ನು ಗುರುಗುಟ್ಟಿಸುವ ಆ ದನಿ ಡಾನ್ ಮೆಸಿಕ್ ಎಂಬಾತನದು, ಅದೇ ಧಾಟಿಯಲ್ಲಿ 1962ರ ‘ದ ಜೆಟ್ಸನ್ಸ್’ ಸರಣಿಯ ಆಸ್ಟ್ರೋ ಎಂಬ ನಾಯಿಗೂ ದನಿ ಕೊಟ್ಟಿದ್ದ. ಶ್ಯಾಗಿಯ ದನಿ ರೇಡಿಯೊ ನಿರೂಪಕ ಕೇಸಿ ಕೇಸಮ್‌ನದು. ಆತ ಸಸ್ಯಾಹಾರಿ. ಶ್ಯಾಗಿಯ ದನಿಯಲ್ಲಿ ಬರ್ಗರ್ ಜಾಹೀರಾತು ಮಾಡಲು ಹೇಳಿದಾಗ 1995ರಲ್ಲಿ ಪಾತ್ರವನ್ನೇ ಬಿಟ್ಟು ಹೊರಟ. ಶ್ಯಾಗಿಯೂ ಸಸ್ಯಾಹಾರಿಯಾಗಬೇಕೆಂಬ ಕರಾರಿನ ಮೇಲೆ 2002ರಲ್ಲಿ ಮರಳಿದ. ಇದನ್ನು ಕೇಳಿ ನನ್ನಮ್ಮನಿಗೆ ಆ ಕಾರ್ಟೂನಿನ ಮೇಲೆ ಮೊದಲ ಸಲ ಗೌರವ ಬಂತು.

ಫ್ರೆಡ್‌ಗೆ 1969ರಲ್ಲಿ ದನಿ ಕೊಟ್ಟ ಫ್ರ್ಯಾಂಕ್ ವೆಲ್ಕರ್‌ಗೆ ಆಗ ಇಪ್ಪತ್ತಮೂರೋ ಏನೋ ವಯಸ್ಸು. ಹೊಸ ಸ್ಕೂಬಿ ಸರಣಿಗಳಲ್ಲೂ ಅದೇ ಹುಡುಗನ ದನಿಯಲ್ಲಿ ಆತ ಮಾತಾಡುತ್ತ ಬಂದಿದ್ದಾನೆ. ಮೆಸಿಕ್ 1997ರಲ್ಲಿ ತೀರಿಕೊಂಡ. 2002ರಿಂದ ನಾಯಿಯ ದನಿಯೂ ವೆಲ್ಕರ್‌ನದೇ. ಫ್ರೆಡ್ ಕರೆಯುತ್ತಾನೆ, ಸ್ಕೂಬಿ ಓಗೊಡುತ್ತದೆ, ಎರಡೂ ಒಂದೇ ಗಂಟಲು. ಇದನ್ನು ವಿವರಿಸಿ ಹೇಳಿದ ಮೇಲೆ ಅಕ್ಕನ ಮಗಳು ರಿಮೋಟು ಹಿಡಿದುಕೊಂಡೇ ಯೋಚಿಸಿ ಕೇಳಿದಳು, “ಹಾಗಾದ್ರೆ ಮಾಮ, ಸಂಬಳ ಒಂದಾ ಎರಡಾ?”